ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸನ್ನು ನಾನು ಆರಂಭಿಸಿದ ಬಗೆ

ಕಾಲೇಜಿನಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಪರಿಚಯಾತ್ಮಕ ಕೋರ್ಸನ್ನು ಹೊಸದಾಗಿ ರೂಪಿಸುವ ಹೊಣೆ ನನಗೆ ಬಂದಾಗ, ಪಾಠಗಳ ಪಟ್ಟಿ ಬರೆಯುವ ಮೊದಲೇ ಒಂದು ವಿಷಯವನ್ನು ಖಚಿತಪಡಿಸಿಕೊಂಡೆ. ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ಹೆಸರುಗಳ ವ್ಯಾಖ್ಯೆಯಿಂದ ಈ ಕೋರ್ಸ್ ಶುರುವಾಗಬಾರದು. ಈ ನಾಲ್ಕನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುವ ವಿದ್ಯಾರ್ಥಿಗೆ, ಒಂದು ಸಾಧಾರಣ ಸಮಸ್ಯೆಯನ್ನು ಕೊಟ್ಟು ಇದರಲ್ಲಿ ಯಾವ ಯಾವ ಆಬ್ಜೆಕ್ಟ್‌ಗಳಿವೆ ಎಂದು ಕೇಳಿದರೆ ಕೈಕಟ್ಟಿದಂತಾಗುವುದನ್ನು ಮೇಲಿನ ತರಗತಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೆ. ತನ್ನ ಸ್ಥಿತಿಯನ್ನು ತಾನೇ ಕಾಯ್ದುಕೊಂಡು, ಕೇಳಿದ್ದಕ್ಕೆ ತಾನೇ ಉತ್ತರ ಕೊಡುವ ಆಬ್ಜೆಕ್ಟ್ ಮೊದಲು ಬರಬೇಕು, ಆಬ್ಜೆಕ್ಟ್‌ಗಳನ್ನು ಸೃಷ್ಟಿಸುವ ಅಚ್ಚಾದ ಕ್ಲಾಸ್ ಅದರ ಬೆನ್ನಿಗೆ ಬರಬೇಕು, ಒಂದು ಕ್ಲಾಸಿನಲ್ಲಿರುವುದನ್ನು ಇನ್ನೊಂದು ಕ್ಲಾಸ್ ಬಳುವಳಿಯಾಗಿ ಪಡೆಯುವ ಇನ್‌ಹೆರಿಟೆನ್ಸ್ ಬಹಳ ತಡವಾಗಿ ಬರಬೇಕು ಎಂಬ ಕ್ರಮವನ್ನು ಇಟ್ಟುಕೊಂಡೆ.

ನಮ್ಮ ವಿದ್ಯಾರ್ಥಿಗಳು ಈ ಕೋರ್ಸಿಗೆ ಬರುವ ಹೊತ್ತಿಗೆ ಸಿ ಭಾಷೆಯನ್ನು ಕಲಿತಿರುತ್ತಾರೆ. ಲೂಪ್, ಅರೇ, ಫಂಕ್ಷನ್, ಸ್ಟ್ರಕ್ಚರ್ ಎಲ್ಲವೂ ಅವರಿಗೆ ಪರಿಚಿತ. ಆದರೆ ಪ್ರೋಗ್ರಾಮ್ ಬೆಳೆದಾಗ ಎದುರಾಗುವ ಕಷ್ಟದ ಅನುಭವ ಅವರಿಗೆ ಇರುವುದಿಲ್ಲ, ಮತ್ತು ಆ ಕಷ್ಟವನ್ನು ಕಾಣದವರಿಗೆ ಆಬ್ಜೆಕ್ಟ್ ಏಕೆ ಬೇಕು ಎಂಬುದು ಹೊಳೆಯುವುದಿಲ್ಲ. ಆದ್ದರಿಂದ ಮೊದಲ ಲ್ಯಾಬ್‌ನಲ್ಲಿ, ಈ ಕೋರ್ಸಿಗೆ ಆರಿಸಿಕೊಂಡ ಭಾಷೆಯಾದ ಜಾವಾವನ್ನು ತೆರೆಯಲೇ ಇಲ್ಲ. ಗ್ರಂಥಾಲಯದ ಪುಸ್ತಕಗಳನ್ನು ಎರವಲು ಕೊಡುವ, ಸಿ ಭಾಷೆಯಲ್ಲೇ ಬರೆದ ಪ್ರೋಗ್ರಾಮೊಂದನ್ನು ಕೊಟ್ಟು, ಯಾವ ಸದಸ್ಯನ ಬಳಿಯೂ ಇಲ್ಲದ ಪುಸ್ತಕವೊಂದು ಪಟ್ಟಿಯಲ್ಲಿ ‘ಹೊರಗಿದೆ’ ಎಂದು ಏಕೆ ತೋರಿಸುತ್ತಿದೆ ಎಂದು ಹುಡುಕಲು ಹೇಳಿದೆ. ಪುಸ್ತಕ ಒಳಗಿದೆಯೋ ಹೊರಗಿದೆಯೋ ಎಂದು ಹೇಳುವ, ಸ್ಟ್ರಕ್ಚರಿನಲ್ಲಿದ್ದ ಒಂದು ಫೀಲ್ಡನ್ನು ಎರವಲಿನ ಫಂಕ್ಷನ್, ನವೀಕರಣದ ಫಂಕ್ಷನ್, ಫೈಲಿನಿಂದ ಓದುವ ಫಂಕ್ಷನ್, ಕೊನೆಗೆ ವರದಿ ಮುದ್ರಿಸುವ ಫಂಕ್ಷನ್ ಕೂಡ ಬದಲಿಸುತ್ತಿದ್ದವು. ಪ್ರತಿಯೊಂದನ್ನೂ ಓದದೆ ಉತ್ತರ ಸಿಗುವಂತಿರಲಿಲ್ಲ. ಲ್ಯಾಬ್ ಮುಗಿಯುವ ಹೊತ್ತಿಗೆ, ಈ ಫೀಲ್ಡನ್ನು ಮುಟ್ಟುವ ಅಧಿಕಾರ ಒಬ್ಬರಿಗೇ ಇದ್ದಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂಬ ಮಾತು ವಿದ್ಯಾರ್ಥಿಗಳ ಬಾಯಿಂದಲೇ ಬಂತು. ಇದಕ್ಕಿರುವ ಎನ್‌ಕ್ಯಾಪ್ಸುಲೇಶನ್ ಎಂಬ ಹೆಸರನ್ನು ಆಗಲೂ ನಾನು ಹೇಳಲಿಲ್ಲ.

ಮರುದಿನದ ತರಗತಿಯಲ್ಲಿ ಸ್ವಲ್ಪ ಇತಿಹಾಸ ಹೇಳಿದೆ. ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್ 1960ರ ದಶಕದಲ್ಲಿ ಸಿಮ್ಯುಲಾ ಭಾಷೆಯನ್ನು ರೂಪಿಸಿದ್ದು ಸಿಮ್ಯುಲೇಶನ್ ಕೆಲಸಕ್ಕಾಗಿ. ಸರತಿಯಲ್ಲಿ ಕಾಯುವವರು, ಅವರಿಗೆ ಸೇವೆ ಕೊಡುವವರು ಇರುವ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಬೇಕಾದರೆ, ತನ್ನದೇ ಸ್ಥಿತಿ ಮತ್ತು ನಡವಳಿಕೆಯುಳ್ಳ ಘಟಕಗಳು ಬೇಕೇ ಬೇಕು. ಕ್ಲಾಸ್, ಆಬ್ಜೆಕ್ಟ್, ಮತ್ತು ಇನ್ನೊಂದು ಕ್ಲಾಸಿನಿಂದ ಬಳುವಳಿ ಪಡೆಯುವ ಸಬ್‌ಕ್ಲಾಸ್ ಮೂರೂ ಸಿಮ್ಯುಲಾ 67ರಲ್ಲಿ ಬಂದವು, ಮತ್ತು ಈ ಕೆಲಸಕ್ಕಾಗಿ ಅವರಿಬ್ಬರಿಗೂ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿಗೆ ಸಂದಿತು. ಈ ಹಿನ್ನೆಲೆಯನ್ನು ಕೇಳಿದ ವಿದ್ಯಾರ್ಥಿ ಆಬ್ಜೆಕ್ಟನ್ನು ಭಾಷೆಯೊಂದರ ವ್ಯಾಕರಣ ನಿಯಮವೆಂದು ಭಾವಿಸುವುದಿಲ್ಲ ಎಂಬುದು ನನ್ನ ನಂಬಿಕೆ.

ಭಾಷೆಯ ಆಯ್ಕೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಮೆಮೊರಿಯ ನಿರ್ವಹಣೆ ಮೊದಲ ವಾರದಿಂದಲೇ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ. ಪೈಥಾನ್‌ನಲ್ಲಿ ಖಾಸಗಿ ಫೀಲ್ಡ್ ಎನ್ನುವುದು ಬಹುಮಟ್ಟಿಗೆ ಸಂಪ್ರದಾಯವಷ್ಟೆ, ಹೊರಗಿನವರು ಮುಟ್ಟಿದರೆ ಭಾಷೆ ತಡೆಯುವುದಿಲ್ಲ. ಕಂಪೈಲರೇ ಬಾಗಿಲು ಹಾಕಬೇಕೆಂಬ ಕಾರಣಕ್ಕೆ ಜಾವಾ ಆರಿಸಿಕೊಂಡೆ. ಜಾವಾದ ತೊಡಕು ಮೊದಲ ಸಾಲುಗಳಲ್ಲೇ ಇದೆ: ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್, ಮೇನ್ ಎಂಬ ಪದಗಳನ್ನು ಅರ್ಥ ಹೇಳದೆ ಬರೆಸಬೇಕಾಗುತ್ತದೆ, ಅದರಲ್ಲೂ ಸ್ಟ್ಯಾಟಿಕ್ ಎಂಬುದು ಆಬ್ಜೆಕ್ಟಿಗೆ ಸೇರದ್ದನ್ನು ಸೂಚಿಸುವ ಪದ. ಜಾವಾ 25ರಲ್ಲಿ ಈ ಹೊರೆಯಿಲ್ಲದೆ ಚಿಕ್ಕ ಪ್ರೋಗ್ರಾಮ್ ಬರೆಯಲು ಅವಕಾಶವಿದೆ. ನಾನಾದರೋ ಮೊದಲ ವಾರಗಳಿಗೆ ಬ್ಲೂಜೆ ಎಂಬ ಉಚಿತ ಸಾಧನವನ್ನು ಬಳಸಿದೆ. ಕಲಿಸುವುದಕ್ಕೆಂದೇ ಮೈಕೆಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ರೂಪಿಸಿದ ಈ ಸಾಧನದಲ್ಲಿ ಕ್ಲಾಸೊಂದು ಪರದೆಯ ಮೇಲೆ ಚೌಕವಾಗಿ ಕಾಣುತ್ತದೆ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಆಬ್ಜೆಕ್ಟ್‌ಗಳನ್ನು ಸೃಷ್ಟಿಸಬಹುದು, ಒಂದೊಂದರ ಮೆಥಡನ್ನೂ (ಆಬ್ಜೆಕ್ಟಿಗೆ ಸೇರಿದ ಫಂಕ್ಷನ್) ಕರೆದು ಒಳಗಿನ ಫೀಲ್ಡ್‌ಗಳು ಬದಲಾಗುವುದನ್ನು ನೋಡಬಹುದು. ಮೇನ್ ಎಂಬ ಪದವನ್ನು ಕಾಣುವ ಮೊದಲೇ ವಿದ್ಯಾರ್ಥಿಗಳು ಒಂದೇ ಕ್ಲಾಸಿನಿಂದ ಹಲವು ಆಬ್ಜೆಕ್ಟ್‌ಗಳನ್ನು ಮಾಡಿ, ಒಂದರ ಸ್ಥಿತಿ ಬದಲಾದರೆ ಮತ್ತೊಂದರದು ಬದಲಾಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದರು.

ಕೋರ್ಸಿನ ಅತ್ಯಂತ ಫಲವತ್ತಾದ ಗಂಟೆಗಳು ಕಂಪ್ಯೂಟರ್ ಇಲ್ಲದೆ ನಡೆದವು. ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ 1989ರಲ್ಲಿ ಪ್ರಕಟಿಸಿದ ಸಿಆರ್‌ಸಿ (ಕ್ಲಾಸ್, ರೆಸ್ಪಾನ್ಸಿಬಿಲಿಟಿ, ಕೊಲಾಬೊರೇಟರ್) ಕಾರ್ಡಿನ ವಿಧಾನ ಇಂದಿಗೂ ನನಗೆ ಬೇರೆ ಯಾವುದಕ್ಕಿಂತ ಹೆಚ್ಚು ಒದಗಿದೆ. ಅಂಗೈ ಅಗಲದ ಕಾರ್ಡಿನ ತಲೆಯಲ್ಲಿ ಕ್ಲಾಸಿನ ಹೆಸರು, ಎಡಕ್ಕೆ ಅದರ ಹೊಣೆಗಳು, ಬಲಕ್ಕೆ ಆ ಹೊಣೆ ನಿಭಾಯಿಸಲು ಅದಕ್ಕೆ ನೆರವಾಗುವ ಇತರ ಕ್ಲಾಸ್‌ಗಳು. ಗ್ರಂಥಾಲಯದ ಸಮಸ್ಯೆಯನ್ನೇ ಮುಂದುವರಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕಾರ್ಡ್ ಕೊಟ್ಟು, ಕಾರ್ಡಿನಲ್ಲಿ ಬರೆದದ್ದನ್ನು ಬಿಟ್ಟು ಬೇರೇನನ್ನೂ ತಿಳಿದವರಂತೆ ಮಾತಾಡಬಾರದು ಎಂಬ ನಿಯಮ ಹಾಕಿದೆ. ‘ಸದಸ್ಯ’ ಕಾರ್ಡ್ ಹಿಡಿದ ವಿದ್ಯಾರ್ಥಿನಿ ‘ಪುಸ್ತಕ’ ಕಾರ್ಡ್ ಹಿಡಿದವನನ್ನು, “ನೀನು ಒಳಗಿದ್ದೀಯಾ?” ಎಂದು ಕೇಳಿದಳು. ಅವನು ಹೌದೆಂದ. “ಅದೇ ಪುಸ್ತಕವನ್ನು ನಿನ್ನೆ ನಾನು ತೆಗೆದುಕೊಂಡು ಹೋಗಿದ್ದೇನಲ್ಲ?” ಎಂದು ಇನ್ನೊಬ್ಬ ಸದಸ್ಯ ಎದ್ದ. ತರಗತಿ ಸ್ವಲ್ಪ ಹೊತ್ತು ಚರ್ಚಿಸಿ, ಒಂದೇ ಪುಸ್ತಕದ ಹಲವು ಪ್ರತಿಗಳು ಗ್ರಂಥಾಲಯದಲ್ಲಿ ಇರುತ್ತವೆಂಬುದನ್ನು ಗುರುತಿಸಿತು. ಶೀರ್ಷಿಕೆ, ಲೇಖಕರು, ಪ್ರಕಟಣೆಯ ವರ್ಷ ಪುಸ್ತಕಕ್ಕೆ ಸೇರಿದವು. ಒಳಗಿದೆಯೇ, ಹೊರಗಿದೆಯೇ, ಯಾರ ಬಳಿ ಇದೆ, ಯಾವಾಗ ಮರಳಬೇಕು ಎಂಬುದೆಲ್ಲ ಪ್ರತಿಗೆ ಸೇರಿದವು. ‘ಪ್ರತಿ’ ಎಂಬ ಹೊಸ ಕಾರ್ಡ್ ಹುಟ್ಟಿತು. ಮುಂದೆ, ಇಷ್ಟಕ್ಕಿಂತ ಹೆಚ್ಚು ಪುಸ್ತಕ ಕೊಡಬಾರದು ಎಂಬ ಮಿತಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂತು. ಪ್ರತಿಗೆ ಅದು ಗೊತ್ತಿರಲು ಸಾಧ್ಯವಿಲ್ಲ, ತನ್ನ ಬಳಿ ಎಷ್ಟಿವೆ ಎಂಬುದು ಸದಸ್ಯನಿಗೇ ಗೊತ್ತು ಎಂದು ವಾದಿಸಿ ಹೊಣೆಯನ್ನು ಸದಸ್ಯನ ಕಾರ್ಡಿಗೆ ಬರೆದರು. ಮಾಹಿತಿ ಇದ್ದಲ್ಲಿಯೇ ಹೊಣೆ ಇರಬೇಕು ಎಂಬ ತತ್ತ್ವವನ್ನು ನಾನು ಬೋಧಿಸಬೇಕಾಗಿ ಬರಲಿಲ್ಲ. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ ಎಂಬ ಪ್ರಚಲಿತ ಉದಾಹರಣೆಗಳನ್ನು ನಾನು ಕೈಬಿಟ್ಟದ್ದಕ್ಕೆ ಇದೇ ಕಾರಣ: ಅವುಗಳಲ್ಲಿ ಕಾಪಾಡಬೇಕಾದ ಸ್ಥಿತಿಯೂ ಇಲ್ಲ, ಹಂಚಿಕೊಳ್ಳಬೇಕಾದ ಹೊಣೆಯೂ ಇಲ್ಲ.

ಇದಾದ ಮೇಲೆ ಕೋಡ್ ಬರೆಯತೊಡಗಿದಾಗ ಎಲ್ಲರನ್ನೂ ಎಡವಿಸಿದ ಜಾಗ ರೆಫರೆನ್ಸ್, ಅಂದರೆ ವೇರಿಯಬಲ್ಲಿನಿಂದ ಆಬ್ಜೆಕ್ಟಿನತ್ತ ಬೊಟ್ಟುಮಾಡುವ ಕೊಂಡಿ. ಒಂದು ವೇರಿಯಬಲ್ಲಿನಲ್ಲಿ ‘ಪ್ರತಿ’ ಕ್ಲಾಸಿನ ಹೊಸ ಆಬ್ಜೆಕ್ಟೊಂದನ್ನು ಇಟ್ಟು, ಆ ವೇರಿಯಬಲ್ಲನ್ನು ಇನ್ನೊಂದಕ್ಕೆ ಅಸೈನ್ ಮಾಡಿ, ಎರಡನೆಯದರ ಮೂಲಕ ಎರವಲು ಕೊಟ್ಟರೆ ಮೊದಲನೆಯದರಲ್ಲಿ ಏನು ಕಾಣುತ್ತದೆ ಎಂದು ಕೇಳಿದಾಗ, ಬದಲಾವಣೆ ಕಾಣುವುದಿಲ್ಲ ಎಂದವರೇ ಹೆಚ್ಚು. ಇಂಟ್ ಎಂಬ ಪೂರ್ಣಾಂಕ ಮೌಲ್ಯಗಳಲ್ಲಿ ಅವರು ಕಂಡಿದ್ದು ಹಾಗೆಯೇ ಇತ್ತು. ಹೀಗಾಗಿ, ವೇರಿಯಬಲ್ಲಿಗೆ ಚಿಕ್ಕ ಚೌಕ, ಆಬ್ಜೆಕ್ಟಿಗೆ ದೊಡ್ಡ ಚೌಕ, ನಡುವೆ ಬಾಣ ಇರುವ ಚಿತ್ರವನ್ನು ಪ್ರತಿ ಸಾಲಿಗೂ ಕೈಯಿಂದ ಬರೆಯುವ ಅಭ್ಯಾಸ ಮಾಡಿಸಿದೆ, ಕಿರುಪರೀಕ್ಷೆಯಲ್ಲಿ ಚಿತ್ರಕ್ಕೇ ಅಂಕ ಕೊಟ್ಟೆ. ಅಸೈನ್ ಮಾಡಿದಾಗ ನಕಲಾಗುವುದು ಬಾಣ ಮಾತ್ರ ಎಂಬುದು ಕೈಗೆ ರೂಢಿಯಾದ ಮೇಲೆ ಉಳಿದದ್ದು ಹಗುರವಾಯಿತು. ಎರಡು ಸಮಚಿಹ್ನೆಗಳಿಂದ (==) ಮಾಡುವ ಹೋಲಿಕೆ ಬಾಣಗಳನ್ನು ಹೋಲಿಸುತ್ತದೆ, ಈಕ್ವಲ್ಸ್ ಮೆಥಡನ್ನು ಸರಿಯಾಗಿ ಬರೆದಿದ್ದರೆ ಅದು ಒಳಗಿನದನ್ನು ಹೋಲಿಸುತ್ತದೆ. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು: ಒಂದೇ ಸ್ಟ್ರಿಂಗನ್ನು (ಅಕ್ಷರಗಳ ಸಾಲು) ಪ್ರೋಗ್ರಾಮಿನಲ್ಲಿ ಎರಡು ಕಡೆ ನೇರವಾಗಿ ಬರೆದರೆ ಜಾವಾ ಎರಡಕ್ಕೂ ಒಂದೇ ಆಬ್ಜೆಕ್ಟನ್ನು ಬಳಸುವುದರಿಂದ ಎರಡು ಸಮಚಿಹ್ನೆಗಳ ಹೋಲಿಕೆಯೂ ನಿಜವೆಂದೇ ಹೇಳುತ್ತದೆ, ಕೀಬೋರ್ಡಿನಿಂದ ಓದಿದ ಸ್ಟ್ರಿಂಗ್ ಬಂದಾಗ ಅದೇ ಹೋಲಿಕೆ ಸುಳ್ಳೆನ್ನುತ್ತದೆ. ಎರಡನ್ನೂ ಓಡಿಸಿ ತೋರಿಸಿ, ಎರಡಕ್ಕೂ ಚಿತ್ರ ಬರೆಸಿದೆ.

ಫೀಲ್ಡಿಗೆ ಹೊರಗಿನಿಂದ ಹೊಸ ಮೌಲ್ಯ ಕೊಡುವ ಸೆಟರ್ ಮೆಥಡ್‌ಗಳ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿಯೇ ನಡೆದುಕೊಂಡೆ. ಎಡಿಟರ್‌ಗಳು ಪ್ರತಿ ಫೀಲ್ಡಿಗೂ ಅದರ ಮೌಲ್ಯ ಹೇಳುವ ಗೆಟರ್ ಮತ್ತು ಸೆಟರನ್ನು ಒಂದೇ ಒತ್ತಿಗೆ ಬರೆದುಕೊಡುತ್ತವೆ, ಮತ್ತು ಹಾಗೆ ಬರೆದ ಕ್ಲಾಸಿನಲ್ಲಿ ಪ್ರೈವೇಟ್ ಎಂಬ ಪದವಿದ್ದರೂ ಸ್ಥಿತಿಯನ್ನು ಯಾರು ಬೇಕಾದರೂ ಬದಲಿಸಬಹುದು; ಮೊದಲ ಲ್ಯಾಬಿನ ಸಿ ಪ್ರೋಗ್ರಾಮಿಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಸೆಟರ್ ಬೇಕೆನ್ನುವವರು ಅದು ಯಾವ ಹೊಣೆಯ ಭಾಗವೆಂದು ವಿವರಿಸಬೇಕೆಂದೆ. ಹೆಚ್ಚಿನ ಕಡೆ ಸ್ಥಿತಿಯನ್ನು ನೇರವಾಗಿ ಬದಲಿಸುವ ಸೆಟರ್ ಹೋಗಿ, ಎರವಲು ಕೊಡು, ಹಿಂತಿರುಗಿಸು ಎಂಬ ಮೆಥಡ್‌ಗಳು ಬಂದವು.

ಇನ್‌ಹೆರಿಟೆನ್ಸನ್ನು ಸೆಮಿಸ್ಟರಿನ ಕೊನೆಯ ಭಾಗಕ್ಕೆ ಇಟ್ಟು, ಅದಕ್ಕೂ ಮೊದಲು, ಕ್ಲಾಸಿನಲ್ಲಿ ಯಾವ ಮೆಥಡ್‌ಗಳು ಇರಬೇಕೆಂದು ಹೇಳುವ ಇಂಟರ್‌ಫೇಸ್ ಕಲಿಸಿದೆ. ಬೇರೆ ಬೇರೆ ಕ್ಲಾಸಿನ ಆಬ್ಜೆಕ್ಟ್‌ಗಳು ಒಂದೇ ಕರೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರಿಸುವ ಪಾಲಿಮಾರ್ಫಿಸಂಗೆ ಇಂಟರ್‌ಫೇಸ್ ಸಾಕು. ಇನ್‌ಹೆರಿಟೆನ್ಸಿನ ಅಪಾಯ ತೋರಿಸಲು ಜಾವಾದ ಸ್ವಂತ ಲೈಬ್ರರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಲ್ಲಿನ ಸ್ಟ್ಯಾಕ್ ಕ್ಲಾಸ್ ವೆಕ್ಟರ್ ಕ್ಲಾಸಿನ ಸಬ್‌ಕ್ಲಾಸ್. ತುದಿಯಲ್ಲಿ ಮಾತ್ರ ಸೇರಿಸಿ ತುದಿಯಿಂದ ಮಾತ್ರ ತೆಗೆಯಬೇಕಾದ ಸ್ಟ್ಯಾಕಿನ ನಡುವೆ, ವೆಕ್ಟರಿನಿಂದ ಬಂದ ಮೆಥಡ್ ಬಳಸಿ ಏನನ್ನು ಬೇಕಾದರೂ ತೂರಿಸಬಹುದು. ವಿದ್ಯಾರ್ಥಿಗಳು ತಾವೇ ತೂರಿಸಿ ನೋಡಿದರು. ಸ್ಟ್ಯಾಕಿನ ಬದಲು, ಎರಡೂ ತುದಿಗಳಲ್ಲಿ ಸೇರಿಸಿ ತೆಗೆಯಬಹುದಾದ ಡೆಕ್ ಬಳಸುವುದು ಒಳ್ಳೆಯದೆಂದು ಜಾವಾದ ದಾಖಲೆಯೇ ಹೇಳುವುದನ್ನೂ ಓದಿಸಿದೆ. ಬಳಿಕ ತಮ್ಮ ಗ್ರಂಥಾಲಯದಲ್ಲಿ ‘ಪ್ರತಿ’ಯನ್ನು ‘ಪುಸ್ತಕ’ದ ಸಬ್‌ಕ್ಲಾಸ್ ಮಾಡಿದ್ದ ಕೆಲವರು ತಾವಾಗಿಯೇ ಅದನ್ನು ಬದಲಿಸಿ, ಪ್ರತಿಯ ಒಳಗೆ ಪುಸ್ತಕಕ್ಕೊಂದು ರೆಫರೆನ್ಸ್ ಇಟ್ಟರು.

ಮೌಲ್ಯಮಾಪನದಲ್ಲಿ ಬರೆದ ಪ್ರೋಗ್ರಾಮಿಗಿಂತ ಬದಲಾವಣೆಗೆ ಹೆಚ್ಚು ತೂಕ ಕೊಟ್ಟೆ. ಸಿದ್ಧ ಕೋಡನ್ನು ಎಐ ಸಾಧನಗಳಿಂದ ಪಡೆಯುವುದು ಈಗ ನಿಮಿಷದ ಕೆಲಸವಾದ್ದರಿಂದ, ವೈವಾದಲ್ಲಿ ಅವರವರ ಪ್ರೋಗ್ರಾಮನ್ನೇ ತೆರೆದು, ಹೊರಗಿರುವ ಪುಸ್ತಕವನ್ನು ಸದಸ್ಯರು ಕಾಯ್ದಿರಿಸುವ ಸೌಲಭ್ಯ ಸೇರಿಸಬೇಕಾದರೆ ಯಾವ ಕ್ಲಾಸ್ ಬದಲಾಗುತ್ತದೆ, ಯಾವುದನ್ನು ಮುಟ್ಟಬೇಕಿಲ್ಲ ಎಂದು ಕೇಳಿದೆ. ಕಾಯ್ದಿರಿಸುವುದು ಯಾವುದೋ ಒಂದು ಪ್ರತಿಯನ್ನಲ್ಲ, ಪುಸ್ತಕವನ್ನು. ಹಾಗಾಗಿ ಕಾಯುವವರ ಸರತಿ ಪುಸ್ತಕದಲ್ಲಿರಬೇಕು, ಪ್ರತಿ ಮರಳಿದಾಗ ಅದು ಪುಸ್ತಕಕ್ಕೆ ತಿಳಿಸಬೇಕು. ಈ ಉತ್ತರವನ್ನು ಕಾರ್ಡಿನ ಮೇಲೆ ಬರೆದು ತೋರಿಸಿದವರಿಗೆ, ಕೋಡಿನಲ್ಲಿ ಸೆಮಿಕೋಲನ್ ಬಿಟ್ಟಿದ್ದರೂ, ಪೂರ್ಣ ಅಂಕ ಕೊಟ್ಟೆ. ಡಿಸೈನ್ ಪ್ಯಾಟರ್ನ್, ಥ್ರೆಡ್, ಜೆನೆರಿಕ್ಸ್‌ನ ಒಳವಿವರಗಳಿಗೆ ಈ ಕೋರ್ಸಿನಲ್ಲಿ ಜಾಗ ಮಾಡಲಿಲ್ಲ. ಅವನ್ನು ಮುಂದಿನ ಕೋರ್ಸಿಗೆ ಬಿಟ್ಟು, ಹಾಗೆ ಉಳಿದ ತರಗತಿಗಳನ್ನು ಕಾರ್ಡಿಗೆ ಮತ್ತು ಬಾಣದ ಚಿತ್ರಕ್ಕೆ ಕೊಟ್ಟೆ.