ಮೈಕ್ರೋಗ್ಲಿಯಾ ಶಾಂತವಾಗಿರುವುದನ್ನು ನೋಡಲು ನನಗೆ ಎಂಟು ವರ್ಷ ಬೇಕಾಯಿತು

ನಮ್ಮದು ಮಂಡ್ಯದ ಕಡೆ ಹಳ್ಳಿ. ಹಿತ್ತಲು ದಾಟಿದರೆ ಭತ್ತದ ಗದ್ದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೀದಿಯ ಹುಡುಗನಿಗೆ ಮಿದುಳು ಜ್ವರ ಬಂತು. ಬದುಕಿಕೊಂಡ. ಆದರೆ ಆಮೇಲೆ ಅವನಿಗೆ ತುತ್ತು ಎತ್ತಿ ಬಾಯಿಗೆ ಇಟ್ಟುಕೊಳ್ಳುವುದೂ ಕಷ್ಟವಾಯಿತು. ಜಪಾನೀಸ್ ಎನ್ಸೆಫಲೈಟಿಸ್ ಅನ್ನೋ ಹೆಸರು ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ಮಿದುಳಿಗೆ ಏರಿದ ಮೇಲೂ ಉಳಿದುಕೊಂಡವರಲ್ಲಿ ನೂರಕ್ಕೆ 30ರಿಂದ 50 ಮಂದಿಗೆ ಏನಾದರೊಂದು ಊನ ಉಳಿದುಬಿಡುತ್ತದೆ. ಆ ಹಾನಿಯಲ್ಲಿ ವೈರಸ್ ಜೊತೆಗೆ ಮಿದುಳಿನದೇ ಕಾವಲು ಕೋಶಗಳ ಪಾಲೂ ಇದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಕೋಶವೇ ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ ಇದನ್ನು ಬೇರೆಯೇ ಜಾತಿಯ ಕೋಶ ಎಂದು ಗುರುತಿಸಿ ಹೆಸರಿಟ್ಟರು. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ್ದು 2009ರಲ್ಲಿ. ವೈರಸ್ ಹಾಕಿದಾಗ ಈ ಕೋಶಗಳು ಎಷ್ಟು ಸಿಟ್ಟಾಗುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಮರುವರ್ಷವೇ ಒಂದು ದೊಡ್ಡ ವಿಷಯ ಹೊರಬಂತು: ಇಲಿಯಲ್ಲಿ ಈ ಕೋಶಗಳ ಮೂಲ ಭ್ರೂಣದ ಹಳದಿಚೀಲ (ಯೋಕ್ ಸ್ಯಾಕ್). ರಕ್ತದ ಮಿಕ್ಕ ರೋಗನಿರೋಧಕ ಕೋಶಗಳ ಹಾಗೆ ಮೂಳೆಮಜ್ಜೆಯಿಂದ ಬಂದವಲ್ಲ. ಹುಟ್ಟುವ ಮೊದಲೇ ಮಿದುಳಿಗೆ ಬಂದು ನೆಲೆಸಿದವು.

ಕೋಶ ತೆಗೆಯುವ ಕೆಲಸ ತಾಳ್ಮೆಯದ್ದು. ಹುಟ್ಟಿ ಒಂದೆರಡು ದಿನವಾದ ಇಲಿಮರಿಗಳ ಮಿದುಳನ್ನು ಬಿಡಿಸಿ ಫ್ಲಾಸ್ಕಿಗೆ ಹಾಕುತ್ತೇವೆ. ಹತ್ತು ಹದಿನಾಲ್ಕು ದಿನ ಕಾಯಬೇಕು. ಕೆಳಗೆ ಮಿದುಳಿನದೇ ಇನ್ನೊಂದು ಬಗೆಯ ಕೋಶಗಳಾದ ಆಸ್ಟ್ರೋಸೈಟ್‌ಗಳು ಚಾಪೆ ಹಾಸಿದ ಹಾಗೆ ಹರಡುತ್ತವೆ, ಅದರ ಮೇಲೆ ಸಣ್ಣಗೆ ಹೊಳೆಯುವ ದುಂಡು ಮೈಕ್ರೋಗ್ಲಿಯಾ ಕೂತಿರುತ್ತವೆ. ಫ್ಲಾಸ್ಕನ್ನು ಶೇಕರ್ ಮೇಲಿಟ್ಟು ಕುಲುಕಿದರೆ ಕಳಚಿಕೊಳ್ಳುತ್ತವೆ. ಜೋರಾಗಿ ಕುಲುಕಿದರೆ ಚಾಪೆಯೇ ಕಿತ್ತುಬರುತ್ತದೆ.

ಎರಡನೇ ವರ್ಷ ನಾಲ್ಕು ತಿಂಗಳ ಕೆಲಸ ಹಾಳಾಯಿತು. ಎಲೈಸಾ ಅನ್ನೋ ಬಣ್ಣದ ಪರೀಕ್ಷೆಯ ಪ್ಲೇಟಿನಲ್ಲಿ ಟಿಎನ್ಎಫ್ ಅಳೆಯುತ್ತಿದ್ದೆ. ಕೋಶ ಸಿಟ್ಟಾದಾಗ ಹೊರಬಿಡುವ ಉರಿಯೂತದ ಪ್ರೋಟೀನ್ ಅದು; ಹೆಚ್ಚಿದ್ದಷ್ಟೂ ಹಳದಿ ಗಾಢ. ಕಂಟ್ರೋಲ್ ಗುಂಡಿಗಳಿಗೆ ನಾನು ಉರಿಯೂತ ಎಬ್ಬಿಸುವಂಥದ್ದು ಏನೂ ಹಾಕಿರಲಿಲ್ಲ, ಅವು ತಿಳಿಯಾಗಿ ಉಳಿಯಬೇಕಿತ್ತು. ಆಸಿಡ್ ಬಿಟ್ಟ ಕೂಡಲೇ ಎಲ್ಲವೂ ಗಾಢ ಹಳದಿಗೆ ತಿರುಗಿದವು. ಮೂರು ಸಲ ಮಾಡಿದರೂ ಅದೇ ಕಥೆ. ಕೊನೆಗೆ ಕಾರಣ ಸಿಕ್ಕಿದ್ದು ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವ, ಕಲಸುವ ನೀರಿನಲ್ಲಿ. ಬ್ಯಾಕ್ಟೀರಿಯಾ ಸತ್ತರೂ ಅದರ ಗೋಡೆಯ ಎಂಡೋಟಾಕ್ಸಿನ್ ನೀರಿನಲ್ಲೇ ಉಳಿದು ಮೈಕ್ರೋಗ್ಲಿಯಾವನ್ನು ಕೆರಳಿಸುತ್ತದೆ. 0.2 ಮೈಕ್ರಾನ್ ಫಿಲ್ಟರ್ ಅದನ್ನು ತಡೆಯುವುದಿಲ್ಲ, 121 ಡಿಗ್ರಿ ಹಬೆಯ ಆಟೋಕ್ಲೇವ್‌ಗೂ ಅದು ಪೂರ್ತಿ ನಾಶವಾಗುವುದಿಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಈ ಕೆಲಸಕ್ಕೆ ಹೊಸಬರು ಬಂದಾಗ ನಾನು ಮೊದಲು ಹೇಳಿಕೊಡುವುದು ಇದನ್ನೇ. ಎಂಡೋಟಾಕ್ಸಿನ್ ಪರೀಕ್ಷೆ ಕಲಿಯಿರಿ, ಮಿಕ್ಕಿದ್ದು ಆಮೇಲೆ. ಆ ಪರೀಕ್ಷೆಯ ದ್ರವ ಸಾಮಾನ್ಯವಾಗಿ ಬರುವುದು ಕುದುರೆಲಾಳ ಏಡಿಯ ನೀಲಿ ರಕ್ತದಿಂದ. ನಮ್ಮ ಒಡಿಶಾ ತೀರದಲ್ಲೂ ಇರುವ ಪ್ರಾಣಿ ಅದು.

ನೀರು ಸರಿಹೋಯಿತು, ಆದರೆ ನನ್ನ ಅನುಮಾನ ಹೋಗಲಿಲ್ಲ. ಜೀವಂತ ಇಲಿಯ ಮಿದುಳಿನಲ್ಲಿ ಮೈಕ್ರೋಗ್ಲಿಯಾಗೆ ಕವಲೊಡೆದ ತೆಳ್ಳನೆ ಕೈಗಳಿರುತ್ತವೆ. ಸುಮ್ನೆ ಕೂತಿವೆ ಎಂದುಕೊಂಡಾಗಲೂ ಆ ಕೈಗಳು ಸುತ್ತಮುತ್ತ ತಡವುತ್ತಲೇ ಇರುತ್ತವೆ ಎಂದು 2005ರಲ್ಲೇ ಗೊತ್ತಾಗಿತ್ತು. ನನ್ನ ಪ್ಲೇಟಿನಲ್ಲಿದ್ದವು ಮಾತ್ರ ಉಬ್ಬಿದ ದುಂಡು ಕೋಶಗಳು. ಇವನ್ನು 'ಶಾಂತ' ಎಂದು ಬರೆಯುವಾಗ ಕೈ ತಡೆಯುತ್ತಿತ್ತು. ಶಾಂತಿಯೇ ಗೊತ್ತಿಲ್ಲದೆ ಸಿಟ್ಟನ್ನು ಅಳೆಯುವುದು ಹೇಗೆ, ಅಲ್ವಾ?

ಉತ್ತರ ಸಿಕ್ಕಿದ್ದು 2017ರಲ್ಲಿ. ಆಗ ನಾನು ವಿದೇಶದಲ್ಲಿ ಪೋಸ್ಟ್‌ಡಾಕ್. ನಾವೆಲ್ಲ ಕೋಶಗಳಿಗೆ ಆಹಾರವೆಂದು ಸೀರಂ ಹಾಕುತ್ತಿದ್ದೆವು. ಆದರೆ ಸೀರಂ ರಕ್ತದ್ದು, ಆರೋಗ್ಯವಾಗಿರುವ ಮಿದುಳಿಗೆ ಅದು ಹಾಗೆಲ್ಲ ನುಗ್ಗುವುದಿಲ್ಲ. ಮಿದುಳಿನ ಕಾವಲುಗಾರನ ಪಾಲಿಗೆ ಸೀರಂ ಅಂದರೆ ಎಲ್ಲೋ ರಕ್ತನಾಳ ಒಡೆದಿದೆ ಎಂಬ ಸುದ್ದಿ. ಸೀರಂ ಬಿಟ್ಟು ಟಿಜಿಎಫ್-ಬೀಟಾ, ಐಎಲ್-34 ಎಂಬ ಎರಡು ಸಂಕೇತ ಪ್ರೋಟೀನ್‌ಗಳನ್ನು ಮತ್ತು ಕೊಲೆಸ್ಟರಾಲ್ ಹಾಕಿದರೆ ಕೋಶ ಬದುಕುತ್ತದೆ ಎಂದು ಆ ವರ್ಷ ಪ್ರಕಟವಾಯಿತು.

ಮಾಡಿ ನೋಡಿದೆ. ಮೊದಲೆರಡು ಬ್ಯಾಚ್ ಸತ್ತವು. ಮೂರನೆಯದನ್ನು ಐದನೇ ದಿನ ಬೆಳಿಗ್ಗೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಪುಟ್ಟ ಒಡಲು, ಅದರಿಂದ ನಾಲ್ಕೂ ಕಡೆ ಬೇರಿನ ಹಾಗೆ ಸೀಳಿಕೊಂಡು ಹೋದ ಕೈಗಳು. ಒಂದರ ಕೈ ಇನ್ನೊಂದಕ್ಕೆ ತಾಗಿರಲಿಲ್ಲ. ಪ್ಲೇಟನ್ನು ಇನ್‌ಕ್ಯುಬೇಟರಿಗೆ ವಾಪಸ್ ಇಟ್ಟು, ವೈರಸ್ ಹಾಕುವ ಕೆಲಸವನ್ನು ಮೊದಲಿಂದ ಶುರು ಮಾಡಿದೆ.