ನೆಲ ತಗ್ಗಿದ ಮನೆಯನ್ನು ನಾನು ಮಾರಿದ ಬಗೆ

ದುರಸ್ತಿ ಮಾಡಿ ಮಾರುವ ಉದ್ದೇಶದಿಂದಲೇ 2022ರ ಏಪ್ರಿಲ್‌ನಲ್ಲಿ ಉಡುಪಿ ಸಮೀಪದ ಪರ್ಕಳದಲ್ಲಿ 38 ಲಕ್ಷ ರೂಪಾಯಿಗೆ ಒಂದು ಹಂಚಿನ ಮನೆಯನ್ನು ಕೊಂಡೆ. ನೆಲ ಸಮವಿಲ್ಲವೆಂದು ತಿಳಿದದ್ದು ಕ್ರಯಪತ್ರವಾದ ಮೇಲೆ: ಚಾವಡಿ ಒರೆಸಿದಾಗಲೆಲ್ಲ ನೀರು ಹಿಂಬದಿಯ ಬಲಮೂಲೆಗೇ ಹೋಗಿ ನಿಲ್ಲುತ್ತಿತ್ತು. ಲೆವೆಲ್ ಟ್ಯೂಬ್ (ಮಟ್ಟ ನೋಡಲು ನೀರು ತುಂಬಿಸಿದ ಪಾರದರ್ಶಕ ಕೊಳವೆ) ಹಿಡಿದು ಅಳೆದಾಗ 6 ಮೀಟರ್ ಉದ್ದಕ್ಕೆ 42 ಮಿಲಿಮೀಟರ್ ಇಳಿತವಿತ್ತು. ಅದೇ ಮೂಲೆಯ ಕಿಟಕಿಯ ಕೆಳಗೆ, ಕೆಂಪುಕಲ್ಲಿನ ಸಂದುಗಳನ್ನೇ ಹಿಡಿದು, ಮೆಟ್ಟಿಲಿನಾಕಾರದ ಬಿರುಕೊಂದು ಇಳಿದಿತ್ತು.

“ಸಿಮೆಂಟ್ ಎಳೆದು ಮೇಲೆ ಟೈಲ್ಸ್ ಹಾಕುವ ಮಾರಾಯ್ರೇ, ಯಾರಿಗೂ ಗೊತ್ತಾಗುದಿಲ್ಲ” ಎಂದರು ಮೇಸ್ತ್ರಿ. ಗೊತ್ತಾಗುವುದಿಲ್ಲ ಎಂಬುದೇ ನನಗೆ ಸರಿಕಾಣಲಿಲ್ಲ. ಅದಲ್ಲದೆ, 24 ಚದರ ಮೀಟರ್ ಚಾವಡಿಯನ್ನು ಸಮಮಾಡಲು ಬೇಕಾಗುವ ಸಿಮೆಂಟ್ ಗಾರೆಯೇ ಸುಮಾರು ಒಂದು ಟನ್ ತೂಗುತ್ತದೆ, ಮತ್ತು ಅದರ ಹೆಚ್ಚಿನ ಪಾಲು ಬೀಳುವುದು ಈಗಾಗಲೇ ತಗ್ಗಿರುವ ಮೂಲೆಯ ಮೇಲೆ.

ಮೊದಲು ತಿಳಿಯಬೇಕಾದದ್ದು, ಅದು ಎಂದೋ ಕುಸಿದು ನಿಂತ ಮೂಲೆಯೋ, ಇನ್ನೂ ಕುಸಿಯುತ್ತಿರುವುದೋ ಎಂಬುದು. ಸಾರಣೆ ಕೆರೆದು, ಕಲ್ಲಿನ ಮೇಲೆಯೇ ಬಿರುಕಿಗೆ ಅಡ್ಡಲಾಗಿ ಗೋಡೆ ಜರಗಿದರೆ ಒಡೆಯುವಂತೆ ಮೂರು ತೆಳು ಗಾಜಿನ ಪಟ್ಟಿಗಳನ್ನು ಎಂ-ಸೀಲ್ ಅಂಟಿನಿಂದ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿಟ್ಟೆ. ಮೇ ತಿಂಗಳಿಡೀ ಅವು ಹಾಗೆಯೇ ಇದ್ದವು. ಜುಲೈ ಎರಡನೆಯ ವಾರ ಹೋಗಿ ನೋಡಿದರೆ ನಡುವಿನ ಪಟ್ಟಿ ಕೂದಲೆಳೆಯಷ್ಟು ಸೀಳಿತ್ತು. ಅಕ್ಟೋಬರಿನಲ್ಲಿ ಇಳಿತ 45 ಮಿಲಿಮೀಟರ್ ಆಗಿತ್ತು.

ಮಳೆಯಲ್ಲಿ ಮಾತ್ರ ಜರಗುವ ಮನೆಗೆ ನೀರೇ ಕಾರಣವೆಂದು ಊಹಿಸುವುದು ಕಷ್ಟವಲ್ಲ. ಗುಡ್ಡೆ ಕಡಿದು, ಆ ಮಣ್ಣನ್ನೇ ತಗ್ಗಿಗೆ ತುಂಬಿ ಮಾಡಿದ ನಿವೇಶನವದು. ತಗ್ಗಿದ ಮೂಲೆ ಇದ್ದದ್ದು ತುಂಬಿಸಿದ ಭಾಗದಲ್ಲಿ. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಅಡಿಗೆ ಸಿಗುವ ಶೇಡಿ ಎಂಬ ಜೇಡಿಯಂಥ ಮಣ್ಣು ಒಣಗಿದ್ದಾಗ ಗಟ್ಟಿಯಾಗಿದ್ದು, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಹಿಂಬದಿಯ ಮಾಡಿಗೆ (ಛಾವಣಿಗೆ) ಮಳೆನೀರು ಹಿಡಿದು ಸಾಗಿಸುವ ದಂಬೆಯೇ ಇರಲಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಆ 50 ಚದರ ಮೀಟರ್ ಮಾಡಿನಿಂದ 2 ಲಕ್ಷ ಲೀಟರಿನಷ್ಟು ನೀರು ನೇರವಾಗಿ ಪಂಚಾಂಗದ, ಅಂದರೆ ಮನೆಯ ಅಡಿಪಾಯದ, ಬುಡಕ್ಕೆ ಇಳಿಯುತ್ತಿತ್ತು.

ಪಂಚಾಂಗದ ಅಡಿಯನ್ನು ತುಂಡುತುಂಡಾಗಿ ಅಗೆದು ಕಾಂಕ್ರೀಟ್ ಕೊಟ್ಟು ನೆಲವನ್ನೂ ಹೊಸದಾಗಿ ಮಾಡಲು ಎಂಜಿನಿಯರ್ ಕೊಟ್ಟ ಅಂದಾಜು 6.5 ಲಕ್ಷ. ದಲ್ಲಾಳಿಯ ಪ್ರಕಾರ ಮನೆ ಇದ್ದಂತೆಯೇ 44 ಲಕ್ಷಕ್ಕೆ, ಪೂರ್ತಿ ಸರಿಪಡಿಸಿದರೆ 50 ಲಕ್ಷಕ್ಕೆ ಹೋಗುತ್ತಿತ್ತು. ಆರು ಲಕ್ಷ ಹೆಚ್ಚು ಪಡೆಯಲು ಆರೂವರೆ ಲಕ್ಷ ಸುರಿಯುವುದರಲ್ಲಿ ಅರ್ಥವಿರಲಿಲ್ಲ. ಮೇಲಾಗಿ 25 ಲಕ್ಷದ ಸಾಲಕ್ಕೆ ಶೇಕಡಾ 9ರಂತೆ ತಿಂಗಳಿಗೆ 18,750 ರೂಪಾಯಿ ಬಡ್ಡಿ ಓಡುತ್ತಿತ್ತು. ಆದ್ದರಿಂದ ನೆಲವನ್ನು ಮುಟ್ಟದೆ ನೀರನ್ನು ಮಾತ್ರ ತಿರುಗಿಸಿದೆ: ದಂಬೆ, ಮನೆಯಿಂದ ಹೊರಕ್ಕೆ ಇಳಿಜಾರು ಕೊಟ್ಟ ಕಾಂಕ್ರೀಟ್ ಪಟ್ಟಿ, ತೋಡಿನವರೆಗೆ ಕಲ್ಲು ಕಟ್ಟಿದ ಚರಂಡಿ. ಒಟ್ಟು 1.4 ಲಕ್ಷ. ಬಿಲ್ಲುಗಳನ್ನೆಲ್ಲ ಜೋಪಾನವಾಗಿಟ್ಟೆ, ಏಕೆಂದರೆ ಮಾರಾಟದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಸುಧಾರಣೆಯ ವೆಚ್ಚವನ್ನು ಕಳೆಯಬಹುದು.

ಹೊಸ ಗಾಜು ಅಂಟಿಸಿ ಇನ್ನೊಂದು ಮಳೆಗಾಲ ಕಾದೆ. ಆ ಬಡ್ಡಿಯೇ ನನ್ನ ಲಾಭದ ದೊಡ್ಡ ಪಾಲನ್ನು ತಿಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ಮೂರೂ ಪಟ್ಟಿಗಳು ಇಡಿಯಾಗಿದ್ದವು, ಇಳಿತ 45ರಲ್ಲೇ ನಿಂತಿತ್ತು.

ಸಾಮಾನ್ಯ ಎಚ್ಚರದಿಂದ ಕೊಳ್ಳುವವನ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ. ಎರಡೂ ವರ್ಷದ ಅಳತೆಗಳನ್ನೂ ಒಡೆದ ಗಾಜಿನ ಫೋಟೋವನ್ನೂ ಬಂದವರೆಲ್ಲರ ಮುಂದಿಟ್ಟೆ. ಇಬ್ಬರು ಅಲ್ಲಿಂದಲೇ ಹಿಂದಿರುಗಿದರು. ಮೂರನೆಯವರು, ನಿವೃತ್ತ ಶಿಕ್ಷಕರು, ಲೆವೆಲ್ ಟ್ಯೂಬ್ ತರಿಸಿ ತಾವೇ ಒಮ್ಮೆ ಅಳೆದು ನೋಡಿ, 46 ಲಕ್ಷಕ್ಕೆ ಒಪ್ಪಿದರು. ಸಾರಣೆ ಸರಿಮಾಡಿಸಿ ಕೊಡಲೇ ಎಂದು ಕೇಳಿದ್ದಕ್ಕೆ, ಗಾಜು ಅಲ್ಲೇ ಇರಲಿ ಎಂದರು.