ಭಾನುವಾರ ಬೆಳಗ್ಗೆ ಆರಕ್ಕೆ ಮೈಕ್ ಮುಂದೆ

ಬಾಸ್ಟನ್ ಹತ್ತಿರದ ಒಂದು ಕಾಲೇಜು ರೇಡಿಯೊದಲ್ಲಿ ಭಾನುವಾರ ಬೆಳಗ್ಗೆ ಆರರಿಂದ ಎಂಟರವರೆಗೆ ನನ್ನ ಕಾರ್ಯಕ್ರಮ. ಅರ್ಧ ಜಾಝ್, ಅರ್ಧ ಪಾಶ್ಚಾತ್ಯ ಶಾಸ್ತ್ರೀಯ. ಸಂಬಳ ಇಲ್ಲ, ಪಾರ್ಕಿಂಗ್ ಪುಕ್ಕಟೆ. ಆ ಹೊತ್ತು ಬೇರೆ ಯಾರಿಗೂ ಬೇಡವಾಗಿತ್ತು, ಅದಕ್ಕೇ ನನಗೆ ಸಿಕ್ಕಿತು. ಜನವರಿ ಚಳಿಯಲ್ಲಿ ನಾಲ್ಕೂವರೆಗೆ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ 'ಯಾಕಪ್ಪಾ ಬೇಕಿತ್ತು ಇದು' ಅನ್ನಿಸುವುದುಂಟು.

ಶುರುವಿನಲ್ಲಿ ನಾನು ಹೆದರಿದ್ದು ಸಂಗೀತ ರಚನಕಾರರ ಹೆಸರುಗಳಿಗೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಓದಿದರೆ ಎಡವುವುದು ಗ್ಯಾರಂಟಿ. 'ಡ್ವೊರಾಕ್' ಅಂದಿದ್ದಕ್ಕೆ ಕೇಳುಗರೊಬ್ಬರು ಆಗಲೇ ಫೋನ್ ಮಾಡಿ ತಿದ್ದಿದರು. ಆವತ್ತಿನಿಂದ ಬಲ್ಲವರ ಬಾಯಲ್ಲಿ ಹೆಸರು ಕೇಳಿಸಿಕೊಂಡು ಕನ್ನಡದಲ್ಲಿ ಚೀಟಿ ಬರೆದಿಟ್ಟುಕೊಳ್ಳುತ್ತೇನೆ: ದ್ವೊರ್ಝಾಕ್, ಶೋಪ್ಯಾ, ಬಾಖ್. ಜರ್ಮನ್ನರ ಗಂಟಲಿನ ಸದ್ದಿಗೆ ನಮ್ಮ 'ಖ' ಪೂರ್ತಿ ಹೊಂದುವುದಿಲ್ಲ, ಆದರೂ 'ಬ್ಯಾಕ್' ಅನ್ನುವುದಕ್ಕಿಂತ ವಾಸಿ, ಅಲ್ವಾ?

ಇನ್ನೊಂದು ತಲೆನೋವು ಸದ್ದಿನ ಮಟ್ಟ. ಜಾಝ್ ರೆಕಾರ್ಡಿಂಗ್‌ನಲ್ಲಿ ಅದು ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಆರ್ಕೆಸ್ಟ್ರಾ ಹಾಗಲ್ಲ. ನನ್ನ ನಾಲ್ಕನೇ ವಾರ ಫ್ರೆಂಚ್ ರಚನಕಾರ ರಾವೆಲ್‌ನ 'ಬೊಲೆರೊ' ಹಾಕಿದೆ. 1928ರದ್ದು, ಸುಮಾರು 15 ನಿಮಿಷ. ಪುಟ್ಟ ಡ್ರಮ್ಮೊಂದು ಪಿಸುಗುಟ್ಟಿದ ಹಾಗೆ ಶುರುವಾಗಿ, ಕೊನೆಗೆ ಇಡೀ ಆರ್ಕೆಸ್ಟ್ರಾ ಅಬ್ಬರಿಸುತ್ತದೆ. ಆ ಅಬ್ಬರ ನೆನೆದು ಮೊದಲೇ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿಟ್ಟು ಕಾಫಿ ತರಲು ಹೋದೆ. ವಾಪಸ್ ಬಂದರೆ ಸ್ಪೀಕರ್‌ನಲ್ಲಿ ರಕ್ತದಾನದ ಪ್ರಕಟಣೆ! ಸ್ಟುಡಿಯೊದಲ್ಲಿ ಸದ್ದು ನಿಂತಿತೇ ಎಂದು ಕಾಯುವ ಯಂತ್ರವಿದೆ. 30 ಸೆಕೆಂಡ್ ಏನೂ ಕೇಳಿಸದಿದ್ದರೆ, ಇವನು ನಿದ್ದೆ ಹೋದ ಅಂದುಕೊಂಡು ತಾನೇ ಏನಾದರೂ ಹಾಕಿಬಿಡುತ್ತದೆ. ಈಗ ಮೆಲ್ಲನೆ ಶುರುವಾಗುವ ಕೃತಿಗೆ ಫೇಡರ್ ಮೇಲಿಟ್ಟು, ಸದ್ದು ಏರಿದ ಹಾಗೆ ಕೂದಲೆಳೆಯಷ್ಟೇ ಇಳಿಸುತ್ತಾ ಬರುತ್ತೇನೆ. ಕಾಫಿ ಏನಿದ್ದರೂ ಜಾಝ್ ಓಡುವಾಗ.

ಎಂಟಕ್ಕೆ ಸರಿಯಾಗಿ ವಾರ್ತೆ. ಅದಕ್ಕೇ ಕೊನೆಯ ಅರ್ಧ ಗಂಟೆಯನ್ನು ಹಿಂದಿನಿಂದ ಎಣಿಸಿ ಜೋಡಿಸಬೇಕು. ಎರಡು ಮೂರು ನಿಮಿಷ ಉಳಿದೇ ಉಳಿಯುತ್ತದೆ. ಬಾಖ್‌ನ 15 ಇನ್ವೆನ್ಶನ್‌ಗಳು ಕೀಬೋರ್ಡ್ ವಾದ್ಯದ ಪುಟ್ಟ ಕೃತಿಗಳು, ಒಂದೊಂದೂ ಒಂದೆರಡು ನಿಮಿಷದವು. ಬಸ್ ಕಂಡಕ್ಟರ್ ಚೀಲದ ಚಿಲ್ಲರೆಯ ಹಾಗೆ ಯಾವಾಗಲೂ ಕೈಯಳತೆಯಲ್ಲಿರುತ್ತವೆ. ಗಂಟೆಗೊಮ್ಮೆ ಸ್ಟೇಷನ್ ಹೆಸರು, ಊರು ಹೇಳಲೇಬೇಕು, ಅದು ಇಲ್ಲಿನ ಕಾನೂನು. ಸಿಂಫನಿ ನಡುವೆ ಬಾಯಿ ಹಾಕಬೇಕಿಲ್ಲ, ಬಿಡುವು ಸಿಕ್ಕಾಗ ಹೇಳಿದರಾಯಿತು.

ನನಗೆ ಜಾಸ್ತಿ ಖುಷಿ ಕೊಡುವುದು ಎರಡೂ ಸಂಗೀತಕ್ಕೆ ಹೊಲಿಗೆ ಹಾಕುವ ಕೆಲಸ. ಎರಡು ಗಂಟೆಯ ಕಾರ್ಯಕ್ರಮಕ್ಕೆ ಶನಿವಾರ ನಾಲ್ಕು ಗಂಟೆ ಹೋಗುವುದು ಅದಕ್ಕೇ. ರಾವೆಲ್ 1928ರಲ್ಲಿ ಅಮೆರಿಕ ಸುತ್ತಿ ಜಾಝ್ ಕೇಳಿ ಬಂದವನು. ಆಮೇಲೆ ಬರೆದ ಜಿ ಮೇಜರ್ ಪಿಯಾನೊ ಕಾನ್ಸರ್ಟೊದಲ್ಲಿ (ಪಿಯಾನೊ ಮತ್ತು ಆರ್ಕೆಸ್ಟ್ರಾದ ಕೃತಿ) ಆ ಜಾಝ್ ಛಾಯೆ ಎದ್ದು ಕಾಣುತ್ತದೆ. ಅದರ ಬೆನ್ನಿಗೇ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಹಾಕಿದರೆ ಹೊಲಿಗೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅಂತೂ ಫ್ರೆಂಚ್ ಶಾಸ್ತ್ರೀಯ ರಚನಕಾರ ದಾರಿಯೂಸ್ ಮಿಯೊ ಅವರ ಶಿಷ್ಯ. ಗುರುವಿನ ಹಿಂದೆ ಶಿಷ್ಯನನ್ನು ಕೂರಿಸುತ್ತೇನೆ. ಗೆರ್ಶ್ವಿನ್‌ನ 'ರ‍್ಯಾಪ್ಸಡಿ ಇನ್ ಬ್ಲೂ' ಮಾತ್ರ ಹಾಕುವುದಿಲ್ಲ. ಜಾಝ್, ಶಾಸ್ತ್ರೀಯ ಎರಡೂ ಅದರಲ್ಲೇ ಬೆರೆತಿವೆ, ತೀರಾ ಸುಲಭ.

ಕಳೆದ ವರ್ಷ ಒಂದು ಭಾನುವಾರ ಚಾರ್ಲಿ ಮಾರಿಯಾನೊ ಸ್ಯಾಕ್ಸೊಫೋನ್ ಹಾಕಿದೆ. ಬಾಸ್ಟನ್ನಿನಲ್ಲೇ ಹುಟ್ಟಿದವರು, ಅಲ್ಲಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದವರು. 1983ರ 'ಜ್ಯೋತಿ' ಆಲ್ಬಮ್‌ನಲ್ಲಿ ಅವರ ಜೊತೆ ಇರುವುದು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ತಂಡ, ಹಾಡಿದವರು ಆರ್.ಎ. ರಮಾಮಣಿ. ಹಾಡು ಮುಗಿಯುವ ಮೊದಲೇ ಫೋನ್. ದ್ವೊರ್ಝಾಕ್ ತಿದ್ದಿದ್ದ ಅದೇ ದನಿ.

"ಆ ಗಾಯಕಿಯ ಹೆಸರು ಇನ್ನೊಂದು ಸಲ ಹೇಳ್ತೀರಾ? ನಿಧಾನಕ್ಕೆ. ಬರೆದುಕೊಳ್ಳಬೇಕು."